‘ಜೋರು ಆಯುಧ’ ಅನ್ನಬಹುದಾ? ಆಟದ ಆಯುಧಗಳಿಗೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಪ್ರಶ್ನೆ ಸ್ವಲ್ಪ ಹುಡುಗಾಟದ್ದು ಅನ್ನಿಸಬಹುದು. ಆದರೂ ಒಂದು ವಾರದಿಂದ ತಲೆ ತಿನ್ನುತ್ತಿದೆ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡೆರಡು ದಿನ ಬರುತ್ತಿರಲಿಲ್ಲ. ಟಿವಿಗೆ ಹಚ್ಚಿ ಆಡುವ ಆಟಗಳೆಲ್ಲ ನಿಂತುಹೋದವು. ಆಗ ಅಕ್ಕನ ಮಗ ಮತ್ತು ಅವನ ಗೆಳೆಯರು ಜಗಲಿಯಲ್ಲಿ ಕೂತು ದಾಳ ಹಾಕಿ ಆಡುವ ಪಾತ್ರದ ಆಟ ಶುರು ಮಾಡಿದರು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅಂತ ಅದರ ಹೆಸರು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ನಮ್ಮ ಕಡೆಯವರಿಗೆ ಹೇಳಬೇಕೆಂದರೆ ತಾಳಮದ್ದಲೆಗೆ ದಾಳ ಸೇರಿಸಿದ ಹಾಗೆ. ಒಬ್ಬ ಪ್ರಸಂಗ ನಡೆಸುತ್ತಾನೆ, ಅರ್ಥ ಅವರವರದ್ದು, ಗೆದ್ದೆಯೋ ಸೋತೆಯೋ ಅನ್ನುವುದನ್ನು ದಾಳ ಹೇಳುತ್ತದೆ.

ಈಗ ಅವನ ತಂಗಿಗೂ ಆಡಬೇಕು. ಅವಳು ಐದನೇ ಕ್ಲಾಸು, ಕನ್ನಡ ಶಾಲೆ. ‘ಮಾವಾ, ಆಯುಧದ ಪಟ್ಟಿ ಕನ್ನಡದಲ್ಲಿ ಮಾಡಿಕೊಡು’ ಅಂತ ಹಟ. ದಿನವಿಡೀ ಡಿಟಿಪಿ ಕೆಲಸ ಮಾಡುವವನು ನಾನು, ಒಂದು ಗಂಟೆಯ ಕೆಲಸ ಅಂದುಕೊಂಡು ಕೂತೆ.

ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ. ‘ಅತ್ಯಂತ ಶಕ್ತಿಶಾಲಿ ಆಯುಧಗಳು’ ಅಂತ ಟೈಪ್ ಮಾಡಿದೆ. ಓದಿದರೆ ನನಗೇ ಸರಿಬರಲಿಲ್ಲ. ಶಕ್ತಿಶಾಲಿ, ಬಲಶಾಲಿ ಇವೆಲ್ಲ ಆಳಿಗೆ ಹೇಳುವ ಮಾತು. ಭೀಮ ಬಲಶಾಲಿ ಸರಿ, ಅವನ ಗದೆ ಬಲಶಾಲಿ ಅಂತೀವಾ? ಗದೆ ಭಾರ, ಕತ್ತಿ ಹರಿತ, ಬಾಣ ಗುರಿ ತಪ್ಪದ್ದು. ಒಂದೊಂದಕ್ಕೆ ಒಂದೊಂದು ಮಾತು. ಪೇಪರಿನಲ್ಲಿ ‘ಪ್ರಬಲ ಅಸ್ತ್ರ’ ಅಂತ ಬರುತ್ತದೆ ನಿಜ. ಆದರೆ ಅಲ್ಲಿ ಅಸ್ತ್ರ ಅಂದರೆ ಮೀಸಲಾತಿಯೋ, ಬೆಲೆಯೇರಿಕೆಯೋ ಆಗಿರುತ್ತದೆ.

ಹುಡುಗರನ್ನೇ ಕೇಳಿದೆ. ಅಕ್ಕನ ಮಗ ಯೋಚನೆಯನ್ನೇ ಮಾಡಲಿಲ್ಲ. ‘ಆ ಕೊಡಲಿ ರಾಶಿ ಜೋರಿದ್ದು’ ಅಂದ.

ಜೋರು! ಪಾರಸಿಯಿಂದ ಬಂದ ಪದ, ಅಲ್ಲೂ ಬಲ ಅಂತಲೇ ಅರ್ಥ. ನಮ್ಮಲ್ಲಿ ಮಳೆ ಜೋರು, ಬಾಯಿ ಜೋರು, ವ್ಯಾಪಾರ ಜೋರು. ಹಾಗಿದ್ದರೆ ಆಯುಧ ಯಾಕೆ ಜೋರಾಗಬಾರದು? ಆದರೆ ಅವನು ಕೊಡಲಿಗೇ ಯಾಕೆ ಜೋರು ಅಂದ ಅನ್ನುವುದು ಆಮೇಲೆ ಹೊಳೆಯಿತು. ಆಟದಲ್ಲಿ ದೊಡ್ಡ ಖಡ್ಗದ ಪೆಟ್ಟು ಎಷ್ಟು ಅಂತ ತಿಳಿಯಲು ಆರು ಮುಖದ ಎರಡು ದಾಳ ಹಾಕಬೇಕು. ದೊಡ್ಡ ಕೊಡಲಿಗೆ ಹನ್ನೆರಡು ಮುಖದ ಒಂದು ದಾಳ. ಎರಡಕ್ಕೂ ಹೆಚ್ಚೆಂದರೆ 12. ಸರಾಸರಿ ತೆಗೆದರೆ ಖಡ್ಗಕ್ಕೆ 7, ಕೊಡಲಿಗೆ ಆರೂವರೆ. ಲೆಕ್ಕದಲ್ಲಿ ಖಡ್ಗವೇ ಮೇಲು. ಆದರೆ ಪೂರ್ತಿ 12 ಬೀಳುವುದು ಖಡ್ಗಕ್ಕೆ 36ರಲ್ಲಿ ಒಂದು ಸಲ, ಕೊಡಲಿಗೆ 12ರಲ್ಲಿ ಒಂದು ಸಲ. ಜಗಲಿಯಲ್ಲಿ ಕೂಗು ಏಳುವುದು ಕೊಡಲಿಗೇ. ನಮ್ಮ ಮಾತಿನ ಜೋರೂ ಹೀಗೇ ಅಲ್ವಾ? ಒಮ್ಮೆ ಹೊಡೆದು ಹೋಗುವುದು ಜೋರು ಮಳೆ. ಬಿಡದೆ ಹಿಡಿದು ಕೂರುವುದು ಜಡಿಮಳೆ. ಮಣ್ಣಿಗೆ ಜಾಸ್ತಿ ನೀರು ಇಳಿಸುವುದು ಎರಡನೆಯದು, ಹೆಸರು ಹೋಗುವುದು ಮೊದಲನೆಯದಕ್ಕೆ. ಹಾಗಾಗಿ ‘ಜೋರು’ ಅಂತ ಹಾಕಿದರೆ ಖಡ್ಗಕ್ಕೆ ಅನ್ಯಾಯ ಆಗುತ್ತದಾ ಅಂತ ನನ್ನ ಅನುಮಾನ.

ಖಡ್ಗ ಅಂತ ಬರೆದದ್ದಕ್ಕೂ ಕಾರಣ ಇದೆ. ಕತ್ತಿ ಅಂದರೆ ನಮ್ಮ ಕಡೆ ಮೊದಲು ಕಣ್ಣಿಗೆ ಬರುವುದು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ಸೊಪ್ಪು ಕಡಿಯಲು ಹೋಗುವ ಕತ್ತಿ. ಗೆಳೆಯರಲ್ಲಿ ಒಬ್ಬ ಕಾರವಾರದವನು, ಮನೆಮಾತು ಕೊಂಕಣಿ. ಅವನಿಗೆ ಅದೇ ‘ಕೊಯ್ತೊ’. ರಾಕ್ಷಸನ ಮೇಲೆ ಕೊಯ್ತೊ ಹಿಡಿದು ಹೋದ ಚಿತ್ರ ನೆನೆಸಿಕೊಂಡು ಎಲ್ಲರೂ ನಕ್ಕರು.

ಇನ್ನು ‘ಆಯುಧ’ ಅನ್ನುವ ಪದವೇ ನಮ್ಮಲ್ಲಿ ಎಷ್ಟು ಅಗಲ ನೋಡಿ. ಆಯುಧಪೂಜೆ ದಿನ ಅಕ್ಕನ ಮನೆಯಲ್ಲಿ ಮಣೆ ಮೇಲೆ ಇದ್ದದ್ದು ಎರಡು ಕತ್ತಿ, ಅಡಕೆ ಸುಲಿಯುವ ಮೆಟ್ಟುಗತ್ತಿ, ಕೊಡಲಿ, ಔಷಧಿ ಹೊಡೆಯುವ ಪಂಪು, ಭಾವನ ಬೈಕಿನ ಕೀ. ಹುಡುಗ ಸುಮ್ನೆ ಬಂದು ತನ್ನ ಇಪ್ಪತ್ತು ಮುಖದ ದಾಳವನ್ನು ಮೆಟ್ಟುಗತ್ತಿಯ ಪಕ್ಕ ಇಟ್ಟ. ಭಾವ ನೋಡಿದರು, ಏನೂ ಅನ್ನಲಿಲ್ಲ, ಅದಕ್ಕೂ ಕುಂಕುಮ ಹಾಕಿದರು. ಕೊರೆದ ಅಂಕಿಗಳ ಸಂದಿಯಲ್ಲಿ ಆ ಕೆಂಪು ಈಗಲೂ ಇದೆ.

ನನಗೆ ನಿಜವಾಗಿ ಸಹಾಯ ಬೇಕಾದದ್ದು ಇಲ್ಲಿ. ಆಟದ ಪುಸ್ತಕದಲ್ಲಿ ಆಯುಧಗಳದ್ದೊಂದು ಭಾಗ, ಮಂತ್ರಗಳದ್ದೊಂದು ಭಾಗ. ನಮ್ಮ ‘ಅಸ್ತ್ರ’ವನ್ನು ಯಾವ ಭಾಗಕ್ಕೆ ಹಾಕಬೇಕು? ಅಮರಕೋಶದಲ್ಲಿ ಆಯುಧ, ಪ್ರಹರಣ, ಶಸ್ತ್ರ, ಅಸ್ತ್ರ ಎಲ್ಲವೂ ಒಂದೇ ಸಾಲಿನಲ್ಲಿವೆ. ಆದರೆ ಯಕ್ಷಗಾನ ಪ್ರಸಂಗ ನೋಡಿ ಬೆಳೆದವರಿಗೆ ವ್ಯತ್ಯಾಸ ಗೊತ್ತು. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಮಂತ್ರಿಸಿ ಬಿಡುವುದು ಅಸ್ತ್ರ. ಅಶ್ವತ್ಥಾಮ ಬ್ರಹ್ಮಶಿರೋಸ್ತ್ರ ಬಿಟ್ಟದ್ದು ಒಂದು ಹುಲ್ಲುಕಡ್ಡಿಯಿಂದ! ಕಬ್ಬಿಣ ಬೇಡ, ತೂಕ ಬೇಡ, ಹರಿತ ಬೇಡ. ಅರ್ಜುನನಿಗೆ ತಾನು ಬಿಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಂತು, ಅಶ್ವತ್ಥಾಮನಿಗೆ ಬರಲಿಲ್ಲ. ಅಸ್ತ್ರ ಬಲ್ಲವನು ಅಂದರೆ ಬಿಡಲು ಬಲ್ಲವನು ಮಾತ್ರ ಅಲ್ಲ, ಉಪಸಂಹಾರ ಬಲ್ಲವನೂ ಹೌದು. ಆಟದ ಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಪೆಟ್ಟು ಎಷ್ಟು, ತೂಕ ಎಷ್ಟು, ಬೆಲೆ ಎಷ್ಟು ಅಂತ ಇದೆ. ‘ಹಿಂದಕ್ಕೆ ಬರುತ್ತದಾ’ ಅಂತ ಒಂದು ಕಾಲಮ್ಮು ನಾನೇ ಸೇರಿಸಿದ್ದೇನೆ. ಕರ್ಣನಿಗೆ ಇಂದ್ರ ಕೊಟ್ಟ ಶಕ್ತಿಯಂಥದ್ದಕ್ಕೆ ‘ಒಂದೇ ಸಲ’ ಅಂತ ಇನ್ನೊಂದು. ಅರ್ಜುನನಿಗೆ ಅಂತ ಇಟ್ಟುಕೊಂಡದ್ದು ಘಟೋತ್ಕಚನ ಮೇಲೆ ಹೋಯಿತಲ್ಲ. ನಮ್ಮ ಹುಡುಗರೂ ಒಳ್ಳೇ ಬಾಣವನ್ನು ‘ದೊಡ್ಡವನಿಗೆ ಬೇಕು’ ಅಂತ ಇಟ್ಟುಕೊಂಡು ಆಟ ಮುಗಿಯುವವರೆಗೂ ಬಿಡುವುದಿಲ್ಲ.

ನನ್ನ ಲೆಕ್ಕಕ್ಕೆ ಅಸ್ತ್ರ ಮಂತ್ರದ ಪುಟಕ್ಕೆ ಹೋಗಬೇಕು, ಆಯುಧದ ಪುಟದಲ್ಲಿ ಶಸ್ತ್ರ ಮಾತ್ರ ಉಳಿಯಬೇಕು. ಹುಡುಗಿ ಒಪ್ಪುತ್ತಿಲ್ಲ. ‘ಬ್ರಹ್ಮಾಸ್ತ್ರ ಆಯುಧ ಅಲ್ದಾ?’ ಅನ್ನುತ್ತಾಳೆ. ನಿಮ್ಮ ಅಭಿಪ್ರಾಯ ಏನು?

ಸಣ್ಣಪುಟ್ಟ ತೊಡಕುಗಳು ಇನ್ನೂ ಇವೆ. ಮಂತ್ರದ ಆಯುಧಗಳಿಗೆ ಆಟದಲ್ಲಿ ಪ್ಲಸ್ 1, ಪ್ಲಸ್ 2, ಪ್ಲಸ್ 3 ಅಂತ ಮೆಟ್ಟಿಲು. ದಾಳದಲ್ಲಿ ಬಿದ್ದದ್ದಕ್ಕೆ ಅಷ್ಟು ಕೂಡಿಸಿಕೊಳ್ಳಬೇಕು. ‘ಒಂದು ಕೈ ಮೇಲು’ ಅನ್ನುವ ಮಾತು ನಮ್ಮಲ್ಲಿ ಇದೆಯಲ್ಲ, ಅದನ್ನೇ ಹಿಡಿದೆ. ಒಂದು ಕೈ ಮೇಲಿನ ಖಡ್ಗ. ಚೆನ್ನಾಗಿ ಕೂತಿತು. ಎರಡಕ್ಕೆ ಬಂದಾಗ ಎಡವಿದೆ. ‘ಎರಡು ಕೈ ಖಡ್ಗ’ ಅಂದರೆ ಎರಡೂ ಕೈಯಲ್ಲಿ ಹಿಡಿಯುವ ಖಡ್ಗ ಆಗಿಬಿಡುತ್ತದೆ, ಅದು ಬೇರೆಯೇ ಇದೆ. ಮೂರಕ್ಕೆ ಹೋಗುವ ಧೈರ್ಯ ಮಾಡಲಿಲ್ಲ. ದಾಳದಲ್ಲಿ ಪೂರ್ತಿ ಇಪ್ಪತ್ತು ಬಿದ್ದರೆ ಮಾತ್ರ ಪಗಡೆಯವರ ಮಾತು ಸರಿಯಾಗಿ ಒದಗಿತು: ಗರ ಬಿತ್ತು.

ಆಟದಲ್ಲಿ ತೀರಾ ಅಪರೂಪದ ಆಯುಧಕ್ಕೆ ಹೇಳುವ ಲೆಜೆಂಡರಿ ಅನ್ನುವುದಕ್ಕೆ ‘ದಂತಕಥೆಯ’ ಅಂತ ಹಾಕಿದ್ದೆ. ಹುಡುಗಿ ಓದಿ, ‘ಆನೆ ದಂತದ್ದಾ?’ ಅಂತ ಕೇಳಿದಳು. ತೆಗೆದುಹಾಕಿದೆ. ಈಗ ‘ಹೆಸರು ಹೊತ್ತ ಆಯುಧ’ ಅಂತಿದೆ. ಗಾಂಡೀವ, ಕೌಮೋದಕಿ, ನಂದಕ ಇವಕ್ಕೆಲ್ಲ ಹೆಸರೇ ಗುರುತು ತಾನೇ. ಅದಕ್ಕೂ ಮೇಲಿನ ಮೆಟ್ಟಿಲು ಆರ್ಟಿಫ್ಯಾಕ್ಟ್. ನಿಘಂಟು ತೆಗೆದರೆ ಕಲಾಕೃತಿ ಅನ್ನುತ್ತದೆ. ‘ವರಾಯುಧ’ ಅಂತ ಹಾಕಿದ್ದೇನೆ. ಕೊಂಡದ್ದಲ್ಲ, ಮಾಡಿದ್ದಲ್ಲ, ಯಾರೋ ಕೊಟ್ಟದ್ದು, ಜೊತೆಗೊಂದು ಕಟ್ಟುಪಾಡು. ಟಿವಿ ಆಟದಲ್ಲೂ ಇಂಥದ್ದು ಇದೆ. 2006ರ ‘ಫೈನಲ್ ಫ್ಯಾಂಟಸಿ 12’ರಲ್ಲಿ ಒಂದು ಈಟಿ. ಅದು ಇರುವ ಪೆಟ್ಟಿಗೆಯಲ್ಲಿ ಅದು ಸಿಗಬೇಕಾದರೆ ದಾರಿಯಲ್ಲಿ ಬೇರೆ ನಾಲ್ಕು ಪೆಟ್ಟಿಗೆ ತೆರೆಯದೇ ಬಿಡಬೇಕು. ಯಾವ ನಾಲ್ಕು ಅಂತ ಆಟ ಹೇಳುವುದೇ ಇಲ್ಲ. ಹುಡುಗರು ಇದನ್ನು ‘ವ್ರತದ ಈಟಿ’ ಅನ್ನುತ್ತಾರೆ. ಇದಕ್ಕಿಂತ ಒಳ್ಳೇ ಅನುವಾದ ನನ್ನಿಂದಂತೂ ಆಗುವುದಿಲ್ಲ.

‘ವೋರ್ಪಲ್’ ಖಡ್ಗ ಅಂತ ಇನ್ನೊಂದು. ಗರ ಬಿದ್ದರೆ ಎದುರಿನವನ ತಲೆಯನ್ನೇ ಹಾರಿಸುತ್ತದೆ. ಈ ಪದ ಲೂಯಿಸ್ ಕ್ಯಾರೊಲ್ 1871ರಲ್ಲಿ ಅಚ್ಚಾದ ಒಂದು ಪದ್ಯಕ್ಕೆ ಸುಮ್ನೆ ಹುಟ್ಟಿಸಿದ್ದು, ಅರ್ಥವೇ ಇಲ್ಲ. ಅರ್ಥ ಇಲ್ಲದ ಪದವನ್ನು ಅನುವಾದ ಮಾಡುವುದು ಹೇಗೆ? ‘ಶಿರಚ್ಛೇದಕ’ ಅಂದರೆ ಸತ್ತೇ ಹೋಗುತ್ತದೆ. ಸದ್ದನ್ನೇ ಹಿಡಿದು ‘ಕಚಕ್ ಖಡ್ಗ’ ಅಂದಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೊಳೆದರೆ ಹೇಳಿ.

ಕೊನೆಯದು. 1992ರ ‘ಫೈನಲ್ ಫ್ಯಾಂಟಸಿ 5’ರಲ್ಲಿ ಆರ್ಥರ್ ರಾಜನ ಕಥೆಯ ಖಡ್ಗ ಎಕ್ಸ್‌ಕ್ಯಾಲಿಬರ್ ಥರವೇ ಕಾಣುವ ಒಂದು ಖಡ್ಗ, ಎಕ್ಸ್‌ಕ್ಯಾಲಿಪರ್ ಅಂತ. ಥಳಥಳ ಹೊಳೆಯುತ್ತದೆ, ಹೊಡೆದರೆ ಪೆಟ್ಟಿನ ಲೆಕ್ಕ ಬರೀ 1. ಇದಕ್ಕೆ ‘ಹುಸಿಗತ್ತಿ’ ಅಂತ ಬರೆದು, ಸಪ್ಪೆ ಅನ್ನಿಸಿ ಹೊಡೆದುಹಾಕಿ, ‘ಮೇಳದ ಕತ್ತಿ’ ಅಂತ ಮಾಡಿದೆ. ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ ಒರಗಿಸಿಟ್ಟ, ಬೇಗಡೆ ಸುತ್ತಿದ ಮರದ ಕತ್ತಿ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಈ ಮಾತು ನಾನು ಹುಟ್ಟಿಸಿದ್ದೋ, ಚಿಕ್ಕಂದಿನಲ್ಲಿ ಯಾರ ಬಾಯಲ್ಲೋ ಕೇಳಿ ಮರೆತದ್ದೋ ಅಂತ ಗುಮಾನಿ. ನೋಡಲು ಜೋರು, ಕೆಲಸಕ್ಕೆ ಬಾರದ ಆಳಿಗೆ ‘ಮೇಳದ ಕತ್ತಿ’ ಅನ್ನುವುದು ಹೊನ್ನಾವರ, ಕುಮಟಾ ಕಡೆ ಬಳಕೆಯಲ್ಲಿ ಇದೆಯಾ? ಇದ್ದರೆ ಹೇಗೆ ಹೇಳುತ್ತಾರೆ, ಕೇಳಿದ್ದನ್ನು ಹಾಗೇ ಬರೆದು ತಿಳಿಸಿ.