ಪಂಪೋ ಪೆನ್ನೋ, ನಾಗನ್ನ ಕೇಳಿ

"ಇನ್ಸುಲಿನ್ ಪಂಪ್ ಹಾಕ್ಸ್ಕೊಳೋಣ ಅಂತಿದೀನಿ ಕಣ್ರೋ" ಅಂತ ನಾನು ಬಾಯಿ ಬಿಟ್ಟಿದ್ದೇ ತಡ, ನಾಗ ನೆಟ್ಟಗೆ ಕೂತ. ನಮ್ಮ ನಾಲ್ಕು ಜನದಲ್ಲಿ ಟೈಪ್ ಒನ್ ಡಯಾಬಿಟಿಸ್ ಇಲ್ದೇ ಇರೋನು ಅವನೊಬ್ಬನೇ, ಹಾಗಾಗಿ ಅದ್ರ ಬಗ್ಗೆ ಜಾಸ್ತಿ ಮಾತಾಡೋನೂ ಅವನೇ.

"ಹಾಕ್ಸ್ಕೋ ಮಾರಾಯ, ಸೂಜಿನೂ ಇಲ್ಲ ಲೆಕ್ಕಾನೂ ಇಲ್ಲ, ಎಲ್ಲಾ ಅದೇ ನೋಡ್ಕೊಳತ್ತೆ."

ಸೊಂಟಕ್ಕೆ ಪಂಪ್ ಸಿಗಿಸ್ಕೊಂಡೇ ಓಡಾಡೋ ಗಿರಿ ನಕ್ಕ. "ಸೂಜಿ ಇಲ್ಲ ಅಂತ ಯಾರೋ ಹೇಳಿದ್ದು ನಿಂಗೆ? ಎರಡು ಮೂರು ದಿನಕ್ಕೊಂದ್ಸಲ ಕ್ಯಾನುಲಾ, ಅಂದ್ರೆ ಚರ್ಮದೊಳಗೆ ಇನ್ಸುಲಿನ್ ಬಿಡೋ ಸಣ್ಣ ಕೊಳವೆ, ಬದಲಾಯಿಸ್ಬೇಕು, ಅದನ್ನ ಒಳಗೆ ಕಳ್ಸೋದು ಸೂಜಿನೇ, ದಿನಕ್ಕೆ ನಾಲ್ಕೈದ್ಸಲ ಚುಚ್ಕೊಳೋದು ತಪ್ತು ಅಷ್ಟೇ. ಊಟದಲ್ಲಿ ಎಷ್ಟು ಕಾರ್ಬ್ಸ್, ಅಂದ್ರೆ ಪಿಷ್ಟ ಸಕ್ಕರೆ, ಅಂತ ಇವತ್ತಿಗೂ ನಾನೇ ಹೇಳ್ಬೇಕು, ನಾಚಿಕೆ ಪಟ್ಕೊಂಡು ಕಮ್ಮಿ ಹೇಳಿದ್ರೆ ಡೋಸೂ ಕಮ್ಮಿ."

"ಶುಗರ್ ಸೆನ್ಸರ್ ನೋಡಿ ತಾನೇ ಅಡ್ಜಸ್ಟ್ ಮಾಡೋ ಪಂಪ್ ಬಂದಿದ್ಯಲ್ಲ?" ಅಂದ ನಾಗ.

"ಬಂದಿದೆ, 2016ರಲ್ಲೇ ಅಮೆರಿಕದಲ್ಲಿ ಮೊದಲನೇದಕ್ಕೆ ಒಪ್ಪಿಗೆ ಸಿಕ್ತು. ಅದಕ್ಕೂ ಊಟದ ಸುದ್ದಿ ನೀನೇ ಮುಟ್ಟಿಸ್ಬೇಕು."

ಸುಮಾ ಇನ್ಸುಲಿನ್ ಚುಚ್ಕೊಳೋ ಪೆನ್ ಪಕ್ಷ. "ನನ್ ಪೆನ್ನು ರಾತ್ರಿ ಎರಡು ಗಂಟೆಗೆ ಕೂಗ್ಕೊಂಡು ಎಬ್ಬಿಸಿದ್ದೇ ಇಲ್ಲ. ದಿನವಿಡೀ ನಿಧಾನಕ್ಕೆ ಕೆಲಸ ಮಾಡೋ ಲಾಂಗ್ ಆಕ್ಟಿಂಗ್ ಇನ್ಸುಲಿನ್ ದಿನಕ್ಕೊಂದು, ಊಟಕ್ಕೊಂದು ಬೇಗ ಕೆಲಸ ಮಾಡೋ ರ‍್ಯಾಪಿಡ್, ಮುಗೀತು. ಬಾಗಿಲ ಹಿಡಿಗೆ ಸಿಗಾಕೊಳೋಕೆ ಪೈಪೂ ಇಲ್ಲ."

"ಪೈಪಿಲ್ದೇ ಮೈಗೇ ಅಂಟಿಸ್ಕೊಳೋ ಪಂಪೂ ಇದೆ" ಅಂದ ಗಿರಿ. "1960ರ ದಶಕದಲ್ಲಿ ಆರ್ನಾಲ್ಡ್ ಕಡಿಶ್ ಅನ್ನೋ ಡಾಕ್ಟ್ರು ಮಾಡಿದ್ದು ಬೆನ್ನಿಗೆ ಹೊತ್ಕೊಳೋ ಚೀಲದಷ್ಟಿತ್ತಂತೆ, ಅದು ಯಾವ ಬಾಗಿಲಿಗೆ ಸಿಗಾಕೊಂಡ್ರೂ ಬಾಗಿಲೇ ಬರ್ತಿತ್ತೇನೋ. ಅದಿರ್ಲಿ, ಬೆಳಗಿನ ಜಾವ ಹಾರ್ಮೋನ್‌ಗಳೆಲ್ಲ ಎದ್ದು ಶುಗರ್ ಏರ್ಸತ್ವಲ್ಲ, ಆಗೇನ್ಮಾಡ್ತೀಯೇ? ನಿನ್ನ ಲಾಂಗ್ ಆಕ್ಟಿಂಗ್ ಒಂದ್ಸಲ ಒಳಗೆ ಹೋದ್ರೆ ವಾಪಸ್ ಬಾ ಅಂದ್ರೂ ಬರಲ್ಲ. ನಾನು ಆ ಹೊತ್ತಿಗೆ ಮಾತ್ರ ಬೇಸಲ್, ಅಂದ್ರೆ ಪಂಪ್ ಸದಾ ಹನಿಸ್ತಿರೋ ಇನ್ಸುಲಿನ್, ಏರಿಸಿಟ್ಟಿದೀನಿ, ಓಡೋಕೆ ಹೋಗೋ ಮುಂಚೆ ಇಳಿಸ್ತೀನಿ, ಗಂಟೆಗೆ 0.05 ಯೂನಿಟ್ ಲೆಕ್ಕದಲ್ಲಿ. ಪೆನ್ನಲ್ಲಿ ಅರ್ಧ ಯೂನಿಟ್‌ಗಿಂತ ಕೆಳಗೆ ಇಳಿಯಕ್ಕಾಗತ್ತಾ?"

ಸುಮಾ ಸುಮ್ನಾದ್ಲು. ನಂಗೂ ಇಲ್ಲೇ ಮನಸ್ಸು ವಾಲಿದ್ದು, ಯಾಕಂದ್ರೆ ನನ್ ಕಥೆ ಪೂರ್ತಿ ಬೆಳಗಿನ ಜಾವದ್ದೇ, ಮಲಗೋವಾಗ ಚೆನ್ನಾಗಿರೋ ಶುಗರ್ ಏಳೋವಾಗ ಮೇಲೆ ಹತ್ತಿ ಕೂತಿರತ್ತೆ.

ಆದ್ರೆ ಅವಳು ಸುಮ್ನಿರೋಳಲ್ಲ. "ಗಿರಿ, ನಿನ್ ಬ್ಯಾಗ್ ತೆಗಿ."

"ಯಾಕೆ?"

"ತೆಗಿಯೋ."

ತೆಗೆದ್ರೆ ಒಳಗೆ ಪೆನ್ನು!

"ಇವನ ಪಂಪಲ್ಲಿ ಇರೋದು ರ‍್ಯಾಪಿಡ್ ಮಾತ್ರ" ಅಂತ ಸುಮಾ ನನ್ ಕಡೆ ತಿರುಗಿದ್ಲು. "ಕ್ಯಾನುಲಾ ಮಡಚ್ಕೊಂಡು ಇನ್ಸುಲಿನ್ ನಿಂತ್ರೆ ಆಸರೆಗೆ ಲಾಂಗ್ ಆಕ್ಟಿಂಗ್ ಇಲ್ಲ, ಕೆಲವೇ ಗಂಟೆಲಿ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರಕ್ಕೆ ಶುರು, ಹಾಗೇ ಬಿಟ್ರೆ ಆಸ್ಪತ್ರೆನೇ. ಅದಕ್ಕೇ ಇದು ಸದಾ ಬ್ಯಾಗಲ್ಲಿ. ಕಾರಣ ಇಲ್ದೇ ಶುಗರ್ ಏರಿದ್ರೆ ಪೆನ್ನಲ್ಲಿ ಚುಚ್ಕೊಂಡು ಕ್ಯಾನುಲಾ ಸೆಟ್ ಬದಲಾಯಿಸ್ಬೇಕು, ನೋಡೋಣ ನಾಳೆ ಅನ್ನೋ ಸೋಮಾರಿಗಲ್ಲ ಪಂಪು."

ಸೋಮಾರಿ ಅಂದಾಗ ನನ್ನೇ ಯಾಕೆ ನೋಡಿದ್ಲೋ ಗೊತ್ತಿಲ್ಲ.

ನಾಗ ಬೆರಳು ಮಡಚಿ ಲೆಕ್ಕ ಹಾಕ್ತಿದ್ದ. "ಅಂದ್ರೆ ಪಂಪಿರೋನಿಗೆ ಪೆನ್ನೂ ಬೇಕು, ಪೆನ್ನಿರೋಳಿಗೆ ಪಂಪ್ ಬೇಡ, ಎಂತಾ ಅನ್ಯಾಯ ಇದು!"

"ಡಾಕ್ಟ್ರನ್ನ ಕೇಳು, ಕೆಲವು ಕಡೆ ಮೊದ್ಲು ಬರೀ ಸಲೈನ್ ತುಂಬಿ ಪಂಪ್ ಕೊಡ್ತಾರೆ" ಅಂದ ಗಿರಿ ನಂಗೆ. "ಪೆನ್ನೂ ಚುಚ್ಕೊತಾ, ಇದನ್ನೂ ಕಟ್ಕೊಂಡು, ಮಲಗಿ ಎದ್ದು ಸ್ನಾನ ಮಾಡಿ ನೋಡು, ಆಮೇಲೆ ಹೇಳು."

"ಸಲೈನ್ ಆದ್ರೆ ನಾನೂ ಹಾಕ್ಕೋಬೋದಾ? ಹೇಗಿರತ್ತೆ ಅಂತ ನೋಡಿ ಇವನಿಗೆ ಹೇಳ್ತೀನಿ" ಅಂದ ನಾಗ, ಭಾರಿ ತ್ಯಾಗ ಮಾಡೋನ ಹಾಗೆ.

ಗಿರಿ ಬ್ಯಾಗಿಂದ ಹೊಸ ಕ್ಯಾನುಲಾ ಸೆಟ್ ತೆಗೆದು, ಮುಚ್ಚಳ ಬಿಚ್ಚದೇ ಬರೀ ಸೂಜಿ ಎಷ್ಟುದ್ದ ಅಂತ ತೋರ್ಸಿದ.

ನಾಗ ನನ್ ಹೆಗಲ ಮೇಲೆ ಕೈ ಇಟ್ಟ. "ನಿಂಗೆ ಪೆನ್ನೇ ಸರಿ ಕಣೋ, ನಾನ್ ಮೊದ್ಲಿಂದ ಅದನ್ನೇ ಹೇಳ್ತಿದೀನಿ."