ಕಾರಿನ ಲಾಕು, ಅಲಾರಂ: ಅನುಭವ ಇರುವವರು ಹೇಳಿ

ನಾವು ಹಾಸನದವರು. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆವು. ಜೋರು ಮಳೆ ಬಂದ ರಾತ್ರಿ ಅಲಾರಂ ತಾನಾಗಿಯೇ ಕೂಗುತ್ತದೆ. ಮನೆಯಲ್ಲಿ ಎರಡು ವರ್ಷದ ಮಗು ಬೇರೆ. ಏನೇನು ಎಚ್ಚರ ಬೇಕು?

ಚಿಕ್ಕಮಗಳೂರಿನಿಂದ:
ಮಗು ಇದೆ ಅಂದಿರಲ್ಲ ಅಕ್ಕ, ಮೊದಲು ಅದನ್ನೇ ಹೇಳುತ್ತೇನೆ. ಆಟಕ್ಕೂ ಕೀ ಕೊಡಬೇಡಿ. ಮುಳ್ಳಯ್ಯನಗಿರಿಯಿಂದ ಇಳಿದು ಬರುವಾಗ ಕೈಮರದ ಹತ್ತಿರ ನಿಲ್ಲಿಸಿದ್ದೆವು. ಹಿಂದಿನ ಸೀಟಿನಲ್ಲಿ ಮಗಳು ಅಳುತ್ತಿದ್ದಳು. ಸುಮ್ಮನಾಗಲಿ ಅಂತ ಕೀ ಕೊಟ್ಟು, ಇಳಿದು ಬಾಗಿಲು ಹಾಕಿದೆ. ಆ ಕಡೆಯಿಂದ ಅವಳನ್ನು ಎತ್ತಿಕೊಳ್ಳೋಣ ಅಂತ ಹೋಗುವಷ್ಟರಲ್ಲಿ ಟಕ್ ಅಂತ ನಾಲ್ಕೂ ಬಾಗಿಲು ಲಾಕ್. ಇನ್ನೊಂದು ಕೀ ಮನೆಯಲ್ಲಿ. ನಮ್ಮ ಕಡೆ ತಂಪು ನಿಜ, ಆದರೂ ಬಿಸಿಲಿಗೆ ನಿಂತ ಕಾರಿನೊಳಗೆ 10 ನಿಮಿಷಕ್ಕೇ ಸುಮಾರು 10 ಡಿಗ್ರಿ ಬಿಸಿ ಏರಿಬಿಡುತ್ತದೆ. ಅವಳ ಮುಖ ಕೆಂಪಾಗಿತ್ತು. ಯಾರನ್ನೂ ಕಾಯಲಿಲ್ಲ. ಪಕ್ಕದ ಅಂಗಡಿಯಿಂದ ಸುತ್ತಿಗೆ ತಂದು, ಅವಳಿಗೆ ದೂರ ಇದ್ದ ಮುಂದಿನ ಕಿಟಕಿಯ ಮೂಲೆಗೆ ಹೊಡೆದೆವು. ಬಹುತೇಕ ಕಾರುಗಳಲ್ಲಿ ಪಕ್ಕದ ಗಾಜು ಸಣ್ಣ ಹರಳಾಗಿ ಉದುರುತ್ತದೆ. ಎದುರಿನ ದೊಡ್ಡ ಗಾಜು ಹಾಗೆ ಒಡೆಯುವುದಿಲ್ಲ, ಅದರ ಮೇಲೆ ಹೊತ್ತು ಕಳೆಯಬೇಡಿ. ಜೊತೆಯಲ್ಲಿ ಯಾರಾದರೂ ಇದ್ದರೆ 112ಕ್ಕೆ ಫೋನ್ ಮಾಡಿಸಿ. ಗಾಜು ಆಮೇಲೆ ಹಾಕಿಸಬಹುದು, ಅಲ್ವಾ?

ಹಾಸನದಿಂದ:
ಅಲಾರಂ ಸಮಸ್ಯೆ ನಮಗೂ ಇತ್ತು. ಬಾನೆಟ್ ಕೆಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದಕ್ಕೆ ತುಕ್ಕು, ಕೆಸರು ಹಿಡಿದರೆ ಯಾರೋ ಬಾನೆಟ್ ತೆಗೆದರು ಅಂತ ತಿಳಿದು ಕೂಗುತ್ತದೆ. ನಮ್ಮದು ಕ್ಲೀನ್ ಮಾಡಿಸಿದ ಮೇಲೆ ಸರಿಹೋಯಿತು. ಬ್ಯಾಟರಿ ವೀಕ್ ಆದರೂ ಹೀಗಾಗುವುದುಂಟು. ಹಿಂದಿನವರು ಹೊರಗಡೆ ಅಂಗಡಿಯಲ್ಲಿ ಹಾಕಿಸಿದ ಅಲಾರಂ ಆದರೆ, ಕಾರು ಅಲುಗಿದರೆ ಅಲಾರಂ ಕೂಗಿಸುವ ಶಾಕ್ ಸೆನ್ಸರಿನ ಸೂಕ್ಷ್ಮತೆ ಸ್ವಲ್ಪ ಕಮ್ಮಿ ಮಾಡಿಸಿ. ವೈರ್ ಕಿತ್ತುಹಾಕಿ ಅನ್ನುವವರ ಮಾತು ಮಾತ್ರ ಕೇಳಬೇಡಿ.

ಸಕಲೇಶಪುರದಿಂದ:
ಲಾಕ್ ಒತ್ತಿ ಸುಮ್ನೆ ನಡೆದುಬಿಡಬೇಡಿ. ಇಂಡಿಕೇಟರ್ ಮಿಂಚಿತಾ ನೋಡಿ. ರಿಮೋಟಿನ ಸೆಲ್ ಸತ್ತರೆ ಗಾಬರಿ ಬೇಡ. ಬಟನ್ ಸ್ಟಾರ್ಟ್ ಕಾರುಗಳ ರಿಮೋಟಿನೊಳಗೂ ಸಾಮಾನ್ಯವಾಗಿ ಕಬ್ಬಿಣದ ಕೀ ಅಡಗಿರುತ್ತದೆ. ಅದರಿಂದ ಬಾಗಿಲು ತೆಗೆದಾಗ ಅಲಾರಂ ಕೂಗಬಹುದು. ರಿಮೋಟನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಎಷ್ಟೋ ಕಾರುಗಳು ಸ್ಟಾರ್ಟ್ ಆಗುತ್ತವೆ, ಅಲಾರಮ್ಮೂ ನಿಲ್ಲುತ್ತದೆ. ನಿಮ್ಮ ಕಾರಿನಲ್ಲಿ ಹೇಗೆ ಅಂತ ಮನೆ ಮುಂದೆ ನಿಲ್ಲಿಸಿಕೊಂಡು ಒಮ್ಮೆ ಮಾಡಿ ನೋಡಿ. ಇನ್ನೊಂದು, ಹಳೇ ಮಾಲೀಕರು ಎರಡೂ ಕೀ ಕೊಟ್ಟಿದ್ದಾರಾ? ಇಲ್ಲದಿದ್ದರೆ ಈಗಲೇ ಕೇಳಿ ಇಸ್ಕೊಳ್ಳಿ.