ಸಹಾಯ ಬೇಕು: ಅಫಿನಿಟಿ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕನ್ನಡ ಒತ್ತಕ್ಷರ ಸರಿಯಾಗಿ ಬರುತ್ತದಾ?

ಮದುವೆ ಕಾರ್ಡು, ಜಾತ್ರೆ ಬ್ಯಾನರ್ ಡಿಸೈನ್ ಮಾಡುತ್ತೇನೆ. ಅಡೋಬಿ ಸಾಫ್ಟ್‌ವೇರ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಸಾಕಾಗಿದೆ. 2024ರಲ್ಲಿ ಕ್ಯಾನ್ವಾ ಕಂಪನಿಯವರು ಕೊಂಡುಕೊಂಡ ಅಫಿನಿಟಿ 2025ರ ಅಕ್ಟೋಬರ್‌ನಿಂದ ಫ್ರೀ ಆಗಿದೆ ಅಲ್ವಾ, ಅದಕ್ಕೆ ಹೋಗೋಣ ಅಂತಿದ್ದೇನೆ, ಆದರೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತು ತನ್ನ ಜಾಗದಲ್ಲಿ ಕೂರುತ್ತದಾ, ಇಲ್ಲ ಅಕ್ಷರ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿ ಆಗುತ್ತದಾ? ಅಡೋಬಿಯ ಇಲಸ್ಟ್ರೇಟರ್‌ನಲ್ಲಾದರೆ ವರ್ಲ್ಡ್-ರೆಡಿ ಕಂಪೋಸರ್ (ನಮ್ಮ ಲಿಪಿಗಳ ಅಕ್ಷರ ಸರಿಯಾಗಿ ಜೋಡಿಸುವ ಸೆಟ್ಟಿಂಗ್) ಆರಿಸಿಕೊಂಡರೆ ಮುಗೀತು. ಫ್ರೀ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲೂ ಕನ್ನಡ ಚೆನ್ನಾಗಿಯೇ ಬರುತ್ತದೆ, ಪ್ರೆಸ್‌ನವರು ಸಿಎಂವೈಕೆ (ಪ್ರಿಂಟಿಂಗ್‌ನ ನಾಲ್ಕು ಬಣ್ಣದ) ಫೈಲ್ ಕೇಳಿದಾಗಲೇ ತಲೆನೋವು. ಇಂಗ್ಲಿಷ್ ಅಕ್ಷರದ ಕೋಡ್ ಮೇಲೆ ಕನ್ನಡ ಆಕಾರ ಕೂರಿಸಿದ ಹಳೇ ಆಸ್ಕಿ ಫಾಂಟಿಗೆ ವಾಪಸ್ ಹೋಗಿ ಅಂತ ಮಾತ್ರ ಹೇಳಬೇಡಿ, ಆ ಅಕ್ಷರ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಬರೀ ಗಜಿಬಿಜಿ.

ಇನ್ನೊಂದು, ಕೈಬರಹದ ಟೈಟಲ್‌ಗೆ ಪೆನ್ ಟ್ಯಾಬ್ಲೆಟ್ ಬೇಕು. ವಾಕಾಮ್ ಇಂಟ್ಯೂಸ್ ಸಣ್ಣದು ಸಾಕಾ, ಸುಮ್ನೆ ಹ್ಯುಯಾನ್ ದೊಡ್ಡದು ತಗೊಳ್ಳಲಾ? ಬಳಸಿದವರು ಸ್ಕ್ರೀನ್‌ಶಾಟ್ ಹಾಕಿದರೆ ತುಂಬಾ ಉಪಕಾರ.